ತಡವರಿಸುವ ಎಂಜಿನ್

ಕಣ್ಣಿನ ಡಾಕ್ಟರ ಕೋಣೆಯ ಹೊರಗೆ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ಅಂಗೈಯಷ್ಟು ದೊಡ್ಡದೊಂದು ಆಟದ ರೈಲಿನ ಎಂಜಿನ್ ಇತ್ತು.

“ಡಾಕ್ಟರ ಹತ್ರಾನೂ ಇದನ್ನ ಹೊತ್ಕೊಂಡು ಬರ್ಬೇಕಿತ್ತಾ?”

“ಎರಡು ವಾರದಿಂದ ಪ್ರಾಣ ತಿಂತಿದೆ ಕಣೇ. ಗೇಣುದ್ದ ಓಡುತ್ತೆ, ಜರ್ಕ್ ಹೊಡೆದು ನಿಂತ್ಬಿಡುತ್ತೆ.”

“ಹಳಿ ಒರೆಸಿದ್ರಾ?”

“ಮೂರು ಸಲ ಒರೆಸ್ದೆ. ಎಣ್ಣೆ ಬಿಟ್ಟೆ. ಕರೆಂಟಿನ ವೈರೂ ಬದಲಾಯಿಸ್ದೆ.”

“ಇದಕ್ಕೆ ಪಟ್ಟ ಪಾಡಲ್ಲಿ ಅರ್ಧ ಆ ಕಣ್ಣಿಗೆ ಪಟ್ಟಿದ್ರೆ ಸಾಕಿತ್ತು. ಆಪರೇಷನ್ ಮಾಡಿಸ್ಕೊಳ್ಳಿ ಅಂತ ಡಾಕ್ಟರು ಒಂದು ವರ್ಷದಿಂದ ಬಡ್ಕೋತಿದ್ದಾರೆ.”

“ಕಣ್ಣಿಗೇನಾಗಿದೆ? ಕನ್ನಡಕ ಬದಲಾಯಿಸಿದ್ರೆ ಆಯ್ತು.”

“ಕೊಡಿ ಇಲ್ಲಿ.”

ಆಕೆ ಎಂಜಿನ್ ಕಸಿದುಕೊಂಡು ಬೋರಲು ಹಾಕಿದರು.

“ಅಯ್ಯೋ, ಗಾಲಿಗೆ ನೂಲು ಸುತ್ಕೊಂಡಿದೆಯಲ್ರೀ!”

“ಎಲ್ಲಿ?”

“ಇಲ್ಲೇ, ಇಷ್ಟು ದಪ್ಪಗೆ.”

ಗಂಡ ಅದನ್ನು ಮೂಗಿನ ಹತ್ತಿರ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದರು.

“ಯಾವ ಬಣ್ಣ?”

“ಕೆಂಪು.” ಆಕೆಯ ದನಿ ಇಳಿದಿತ್ತು. “ನಿಜವಾಗ್ಲೂ ಕಾಣ್ತಿಲ್ವಾ?”

“ನಲವತ್ತು ವರ್ಷ ಬಟ್ಟೆ ಹೊಲಿದೋನು ಕಣೇ ನಾನು. ಕೆಂಪು ನೂಲು ಕಾಣ್ತಿಲ್ಲ.”

ಆಕೆ ಉಗುರಿನಿಂದ ನೂಲು ಕೀಳಲು ಹೋದರು.

“ಬಿಡೇ, ಅದನ್ನ ನಾನೇ ತೆಗೀತೀನಿ.”

“ಕಾಣದೇ ಇದ್ರೆ ಹೇಗ್ರೀ ತೆಗೀತೀರಿ?”

ಅಷ್ಟರಲ್ಲಿ ನರ್ಸ್ ಬಂದು ಕರೆದರು. ಗಂಡ ಎದ್ದು, ಎಂಜಿನ್ನನ್ನು ಹೆಂಡತಿಯ ಚೀಲದೊಳಗೆ ಇಟ್ಟರು.

“ನಡಿ, ಆಪರೇಷನ್ ಯಾವತ್ತು ಮಾಡ್ತಾರೆ ಅಂತ ಕೇಳೋಣ.”

ಆಕೆ ಅವರ ಮೊಣಕೈ ಹಿಡಿದುಕೊಂಡರು. ಇಬ್ಬರೂ ಒಳಗೆ ಹೋದರು.