ಸೈಕಲ್ ಶೆಡ್ಡಿನ ಕಟ್ಟುಹಾವು

ಅಯ್ಯೋ, ಬರಿಗೈಲಿ ಮುಟ್ಟಬೇಡ ಅಕ್ಕಾ! ಸತ್ತಿದ್ರೂ ಕಟ್ಟುಹಾವಿನ ವಿಷ ವಿಷವೇ ಅಂತ ನೀನೇ ತಾನೆ ಹೇಳಿದ್ದು? ಕಪ್ಪು ಮೈ, ಬಿಳಿ ಪಟ್ಟೆ, ಕಂಡ್ರೆ ದೂರ ನಿಂತು ನನಗೆ ಫೋನ್ ಮಾಡಿ ಅಂತ ಈ ಬಿಲ್ಡಿಂಗಿನವರಿಗೆಲ್ಲ ಪಾಠ ಮಾಡಿದ್ದೂ ನೀನೇ. ಮಾಡಿದ್ರು ಫೋನು. ನೀನು ಬರೋದು ತಡ ಆಯ್ತು, ವಾಚ್‌ಮನ್ ತಾತ ಹೆದರಿ ದೊಣ್ಣೆ ಬೀಸಿಬಿಟ್ಟ. ನಾನೇನ್ ಮಾಡ್ಲಿ? ನನ್ನ ಮುಖ ಯಾಕೆ ನೋಡ್ತೀಯ? ಹಾವು ಅಲ್ಲಿದೆ!

ಏ, ಉಗುರಲ್ಲಿ ಕೆರೀಬೇಡ... ಕೆರೀಬೇಡ ಅಂದೆ ಕಣೇ!

...ಬಂತಾ ಉಗುರಿಗೆ? ವೈಟ್ನರ್ ಅದು. ಪರೀಕ್ಷೆ ಬರೆಯೋಕೆ ಅಂತ ಅಮ್ಮ ಕೊಡಿಸಿದ್ದು. ನನ್ನ ತಪ್ಪಿಗೆಲ್ಲ ಬಳಿಯೋಕೆ ಕೂತ್ರೆ ಬಕೆಟ್‌ಗಟ್ಟಲೆ ಬೇಕು, ಹಾವಿಗಾದ್ರೂ ಉಪಯೋಗ ಆಗ್ಲಿ ಅಂತ... ನಗಲ್ವಾ? ಯಾವಾಗ್ಲೂ ನಗ್ತಿದ್ದೆಯಲ್ಲ.

ಹೌದು, ಕೇರೆಹಾವು, ಕಪ್ಪಗಿರೋದು. ಕಚ್ಚಿದ್ರೂ ಏನೂ ಆಗದ ಪಾಪದ್ದು. ಗೊತ್ತಿತ್ತು. ಹಿಡಿಯೋಕೆ ಕಲಿಸಿದ್ದೂ ನೀನೇ ಅಲ್ವಾ, ಒಂದು ಗೀರೂ ಆಗದ ಹಾಗೆ ಹಿಡಿದೆ. ನಿನ್ನನ್ನ ಒಂದ್ಸಲ ಏಮಾರಿಸ್ಬೇಕಿತ್ತು, ಅಷ್ಟೇ! ಪೊದೆ ಸಂದೀಲಿ ಒಂದು ಗೇಣು ಮೈ ಕಂಡ್ರೂ ಹೆಸರು ಹೇಳ್ತೀಯ. ನೀನು ಬಂದು ಗತ್ತಿನಿಂದ 'ಕಟ್ಟುಹಾವು, ಎಲ್ಲರೂ ಹಿಂದೆ ಸರೀರಿ' ಅನ್ನಬೇಕು, ನಾನು ಹೊಟ್ಟೆ ಹಿಡ್ಕೊಂಡು ನಗಬೇಕು... ಇಷ್ಟೇ ಪ್ಲಾನು. ಇನ್ಮೇಲೆ ಹಾವು ನೋಡೋಕೆ ಹೋಗುವಾಗ ನನ್ನ ಕರ್ಕೊಂಡು ಹೋಗ್ತೀಯ ತಾನೆ? ಹೋಗ್ತೀಯ ಅಲ್ವಾ?

ಆಗ? ಇಲ್ಲೇ ಇದ್ದೆ. ತಾತ ದೊಣ್ಣೆ ಎತ್ತಿದಾಗ್ಲೂ ಇಲ್ಲೇ. 'ಬಣ್ಣ ತಾತಾ, ಬರೀ ಬಣ್ಣ' ಅಂದಿದ್ರೆ ಮುಗೀತಿತ್ತು. ಬಾಯಿವರೆಗೂ ಬಂದಿತ್ತು ಕಣೇ. ಅಷ್ಟು ಜನ ಸುತ್ತ ನಿಂತಿದ್ರು... ಮೊದ್ಲೇ ನಾನಂದ್ರೆ ಎಲ್ರಿಗೂ ಅಷ್ಟಕ್ಕಷ್ಟೆ... ಮೊದಲ ಏಟಿಗೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳಿ ಏನು?

ಬೈಯೇ. ಎರಡು ಬಾರಿಸು. ಏನಾದ್ರೂ ಅನ್ನು!

ಏನ್ ನೋಡ್ತಿದ್ದೀಯ? ಬಾಲದ ಹತ್ರ ಏನಿಲ್ಲ... ಕೇರೆ ಯಾಕೆ ಓಡಿಹೋಗ್ಲಿಲ್ಲ ಅಂತ ತಾನೆ? ಗಲಾಟೆಗೆ ಗಾಬರಿಯಾಗಿ... ನಿಂತುಬಿಟ್ಟಿರ್ಬೇಕು. ಆಗಲ್ವಾ ಹಾಗೆ? ಅಕ್ಕಾ?

...ನೀನು ಬರೋವರೆಗೆ ಇರ್ಲಿ ಅಂತ. ಬಾಲಾನ ಸೈಕಲ್ ಸ್ಟ್ಯಾಂಡಿನ ಕಂಬಿಗೆ ಕಟ್ಟಿದ್ದೆ. ದಾರ ಅಷ್ಟೊಂದು ಬಿಗಿ ಇರ್ಲಿಲ್ಲ ಕಣೇ...

ಎಳೀತು. ಒಂದೊಂದು ಏಟಿಗೂ ಎಳೀತು.