ಉಸಿರಿನ ಕೋಣೆಯ ಬೀಗ

ನಮ್ಮ ಸಂಘದ ಅಧ್ಯಕ್ಷರೂ ಈ ಸಭೆಯ ಅಧ್ಯಕ್ಷರೂ ಆದ ಕಮಲಾಕ್ಷಣ್ಣನವರೇ, ಮುಖ್ಯ ಅತಿಥಿಗಳೇ, ನಮಗೆ ಉಸಿರಾಟದ ವ್ಯಾಯಾಮ ಕಲಿಸಿದ ಡಾಕ್ಟರ್ ದೀಪಶ್ರೀಯವರೇ, ಪುಂಜಾಲಕಟ್ಟೆಯ ನನ್ನ ಬೀಡಿ ಕಟ್ಟುವ ಅಕ್ಕತಂಗಿಯರೇ, ಕುರ್ಚಿ ಸಿಗದೆ ಹಿಂದೆ ನಿಂತೇ ಇರುವ ಸಭಿಕರೇ,

ಹಾರ ಹಾಕುವಾಗ ನಾನು ತಲೆ ಬಗ್ಗಿಸಲಿಲ್ಲ ಎಂದು ಕೆಲವರಿಗೆ ಬೇಸರವಾಗಿರಬಹುದು. ಅಹಂಕಾರ ಅಲ್ಲ. ಮೂವತ್ತೊಂದು ವರ್ಷ ಬೀಡಿ ಎಲೆಯ ಗೆರಸೆಯ ಮುಂದೆ ಬಗ್ಗಿಸಿದ್ದೇನೆ, ಇನ್ನು ಸಾಕು.

ಆಮಂತ್ರಣದಲ್ಲಿ 'ಕುತ್ತಿಗೆ ನೋವನ್ನು ಗೆದ್ದ ಹಫ್ಸ' ಎಂದು ಅಚ್ಚು ಹಾಕಿಸಿದ್ದೀರಿ. ಯಾರು ಗೆದ್ದದ್ದು? ನೋವು ಈಗಲೂ ಉಂಟು. ಈ ಮೈಕಿನ ಮುಂದೆಯೂ ಉಂಟು. ಮೊದಲು ಅದು ಹೇಳಿದ ಹಾಗೆ ನಾನು ಕೇಳುತ್ತಿದ್ದೆ, ಈಗ ನಾನು ಹೇಳಿದ್ದನ್ನೂ ಅದು ಸ್ವಲ್ಪ ಕೇಳುತ್ತದೆ. ಅಷ್ಟೇ.

ಎರಡು ವರ್ಷದ ಹಿಂದೆ ಸಂಘದ ಕೋಣೆಯಲ್ಲಿ ಬುಧವಾರದ ಉಸಿರಿನ ತರಗತಿ ಶುರುವಾದ ಮೊದಲ ದಿನ ದೀಪಶ್ರೀಯವರು ನನ್ನಿಂದ ಬೀಡಿ ಕಟ್ಟಿಸಿದರು. ಬೆನ್ನಿಗೆ ಕೈ ಇಟ್ಟು, "ಹಫ್ಸಮ್ಮ, ನೀವು ಉಸಿರೇ ಬಿಡುವುದಿಲ್ಲವಲ್ಲ!" ಎಂದರು. ಹೌದು ಮಾರಾಯ್ರೆ! ತುದಿ ಮಡಚಿ ನೂಲು ಸುತ್ತುವಷ್ಟು ಹೊತ್ತು ನಾವೆಲ್ಲ ಉಸಿರು ಹಿಡಿಯುತ್ತೇವೆ. ಊರಿಗೆಲ್ಲ ಹೊಗೆ ಎಳೆಯಲು ಕೊಟ್ಟವರು ನಾವೇ ಉಸಿರು ಎಳೆಯಲು ಮರೆತಿದ್ದೆವು! ಈಗ ಒಂದು ಕಟ್ಟು ಮುಗಿದರೆ ಹೆಗಲು ಇಳಿಸಿ, ಹೊಟ್ಟೆಯವರೆಗೆ ಐದು ಉಸಿರು ತೆಗೆದು, ನಿಧಾನ ಬಿಡುತ್ತೇವೆ.

ಇದು ಮೊದಲೇ ಗೊತ್ತಿದ್ದರೆ? ನಮ್ಮ ಮನೆಯವರು ಯಾಕೂಬ್ ಕಡೆಯ ಸಲ ಸೌದಿಯ ದಮಾಮಿಗೆ ಕೆಲಸಕ್ಕೆ ಹೊರಟಾಗ ಕಳಿಸಿಕೊಡಲು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ಕೈ ಬೀಸಿದರಂತೆ, ಮಗಳು ಹನಾ ಆಮೇಲೆ ಹೇಳಿದಳು. ಕುತ್ತಿಗೆ ಎತ್ತಲಾಗದೆ ನಾನು ಕಂಡದ್ದು ಬಸ್ಸಿನ ಚಕ್ರ ಮಾತ್ರ. ಅವರು ಅಲ್ಲಿಯೇ ತೀರಿಹೋದರು. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಇರಲಿ.

ಕಮಲಾಕ್ಷಣ್ಣ, ನೋವು ಹೋಯಿತು, ಇನ್ನು ತರಗತಿ ಯಾಕೆ, ಆ ಕೋಣೆಯಲ್ಲಿ ಸಂಘದ ಕುರ್ಚಿ ಪೇರಿಸಿಡುವ ಎಂದು ನೀವು ತೀರ್ಮಾನಿಸಿದ್ದು ನಮಗೆ ಗೊತ್ತಾಗಿದೆ. ಹಾಗಾದರೆ ಇದು ಸನ್ಮಾನವೋ, ಬೀಳ್ಕೊಡುಗೆಯೋ? ಕುರ್ಚಿಗೆ ಕುತ್ತಿಗೆ ನೋವು ಉಂಟಾ? ನನ್ನ ಹನಾ ಕೂಡ ಈಗ ಗೆರಸೆ ಹಿಡಿದಿದ್ದಾಳೆ. ಅವಳಾದರೂ ಕಿಟಕಿ ನೋಡಬೇಕು.

ಶಾಲು ತೆಗೆದುಕೊಂಡಿದ್ದೇನೆ, ಹಣ್ಣಿನ ಬುಟ್ಟಿಯನ್ನೂ. ಕೋಣೆಯ ಬೀಗದ ಕೈಯನ್ನು ಇವತ್ತು ವೇದಿಕೆಯಲ್ಲೇ ಹಿಂದೆ ಕೊಡಬೇಕು ಎಂದಿದ್ದಿರಿ. ಅದು ಎರಡು ವರ್ಷದಿಂದ ನನ್ನ ಸೊಂಟದಲ್ಲಿ ಉಂಟು, ಅಲ್ಲಿಯೇ ಇರುತ್ತದೆ. ಬುಧವಾರ ಮೂರು ಗಂಟೆಗೆ ಬಾಗಿಲು ತೆರೆಯುತ್ತೇನೆ. ನೀವೂ ಬನ್ನಿ ಕಮಲಾಕ್ಷಣ್ಣ. ಬೀಗದ ಮಾತು ಎತ್ತಿದಲ್ಲಿಂದ ನೀವು ಉಸಿರು ಬಿಟ್ಟದ್ದನ್ನು ನಾನು ಕಾಣಲಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ತಲೆ ಎತ್ತಿಯೇ ಹೇಳುತ್ತೇನೆ, ನಮಸ್ಕಾರ.