ಒದ್ದ ಮೇಲೆ ನಮಸ್ಕಾರ

ಮೈಲಾಪೂರ್ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಬಿಳಿ ಡ್ರೆಸ್ಸಿನ ಮೊಮ್ಮಗಳು. ಸುತ್ತಲಿನ ತಮಿಳಿನ ನಡುವೆ ಕನ್ನಡ ಕಿವಿಗೆ ಬಿದ್ದದ್ದೇ ತಡ, ಮೆಸೇಜ್ ಮಾಡುವವಳಂತೆ ಎಲ್ಲವನ್ನೂ ಫೋನಿನಲ್ಲಿ ಟೈಪ್ ಮಾಡತೊಡಗಿದೆ.

“ಕೃತಿ, ಹೋದ್ಸಲ ಕರಾಟೇಲಿ ಯಾಕೇ ಸೋತೆ?”

“ಕರಾಟೆ ಅಲ್ಲಜ್ಜಿ, ಟೇಕ್ವಾಂಡೋ! ಕೊರಿಯಾದ್ದು. ಇದ್ರಲ್ಲಿ ಕಾಲೇ ಮುಖ್ಯ.”

“ಹಂಚು, ಇಟ್ಟಿಗೆ ಒಡ್ಯಲ್ವಾ?”

“ಮ್ಯಾಚಲ್ಲಿ ಇಟ್ಟಿಗೆ ಎಲ್ಲಿಂದ ಬರತ್ತೆ? ಎದುರಿಗಿರೋರ್ನ ಒದೀಬೇಕು. ಆ ಎಣ್ಣೂರ್ ಹುಡುಗೀನ ಒದ್ದೆ, ಪಾಯಿಂಟೂ ಬಂತು.”

“ಮತ್ತೆ?”

“ಕಾಲು ತಾಗ್ತಲ್ಲ ಅಂತ ಬಗ್ಗಿ, ಅವಳನ್ನ ಮುಟ್ಟಿ ಕಣ್ಣಿಗೊತ್ಕೊಂಡೆ. ಅಷ್ಟ್ರಲ್ಲಿ ಅವ್ಳು ನನ್ ತಲೆಗೇ ಒದ್ಲು.”

“ಅಯ್ಯೋ ಪೆದ್ದೆ! ಯಾರೇ ಕಲ್ಸಿದ್ದು ಹಂಗ್ ಮಾಡೋಕೆ?”

“ನೀನೇ! ಇವತ್ತೂ ಅವಳ ಜೊತೇನೇ ಮ್ಯಾಚು. ಕೈ ತಾನಾಗೇ ಹೋಗ್ಬಿಟ್ರೆ?”

ಅಜ್ಜಿ ಯೋಚಿಸಿದರು.

“ಶುರುವಾಗೋ ಮುಂಚೇನೇ ಒಂದು ನಮಸ್ಕಾರ ಮಾಡ್ಬಿಡು.”

“ಅದು ರೂಲ್ಸಲ್ಲೇ ಇದೆ. ಇಬ್ರೂ ತಲೆ ಬಗ್ಗಿಸ್ಬೇಕು.”

“ಕೊರಿಯಾದೋರು ಜಾಣ್ರು ಕಣೆ! ಕ್ಷಮೆ ಮೊದ್ಲೇ ಕೇಳಾಯ್ತಲ್ಲ, ಇನ್ನು ನಿಶ್ಚಿಂತೆಯಾಗಿ ಒದಿ.”

ರೈಲು ಬಂತು. ಎದ್ದು ಓಡುವಾಗ ಕೃತಿಯ ಕಾಲು ನನಗೆ ತಾಗಿತು. ಅವಳ ಕೈ ಮುಂದೆ ಬಂದೇಬಿಟ್ಟಿತು.

“ಇವತ್ತು ನೀನು ಮುಟ್ಬೇಡ!” ಎಂದು ಅಜ್ಜಿ ಅವಳ ಕೈ ಹಿಡಿದೆಳೆದು, ತಾವೇ ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡು ರೈಲು ಹತ್ತಿದರು.